ಗಂಡನ ಸಿಟ್ಟು ಈಚೆಗೆ ಯಾಕೆ ಹೀಗಾಯ್ತು?

ಪ್ರಶ್ನೆ: ನನಗೆ 36, ಯಜಮಾನರಿಗೆ 43. ಮೊದಲು ತುಂಬಾ ಸಮಾಧಾನದ ಮನುಷ್ಯ. ಅಂಗಡಿಯಲ್ಲಿ ನಷ್ಟವಾಗಿ ಸಾಲ ಏರಿದ ಮೇಲೆ, ಒಂದು ವರ್ಷದಿಂದ, ಸಣ್ಣ ಮಾತಿಗೂ ಸಿಡಿಯುತ್ತಾರೆ. ಮೊನ್ನೆ ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆಯನ್ನು ಗೋಡೆಗೆ ಎಸೆದರು. ಅರ್ಧ ಗಂಟೆ ಬಿಟ್ಟು ತಾವೇ ಗೋಡೆ ಒರೆಸಿ, ಅತ್ತು, ತಪ್ಪಾಯ್ತು ಅಂದರು. ನಮ್ಮ ಮೇಲೆ ಕೈ ಮಾಡಿಲ್ಲ. ಗಿರಾಕಿಗಳ ಹತ್ತಿರ ದನಿ ಕೂಡ ಎತ್ತುವುದಿಲ್ಲ. ರಾತ್ರಿ ಮೂರಕ್ಕೇ ಎದ್ದು ಕೂತಿರುತ್ತಾರೆ. ಬೈಕ್ ಸದ್ದು ಕೇಳಿದರೆ ಎಂಟು ವರ್ಷದ ಮಗಳು ಟಿವಿ ಆರಿಸಿ ಒಳಗೆ ಹೋಗಿಬಿಡುತ್ತಾಳೆ. ‘ಅವರಪ್ಪನೂ ಹೀಗೇ, ಗಂಡಸಿಗೆ ಸಿಟ್ಟು ಇರೋದೇ’ ಅಂತಾರೆ ಅತ್ತೆ. ಡಾಕ್ಟರ್ ಅಂದರೆ ‘ನನಗೇನು ಹುಚ್ಚಾ?’ ಅಂತ ಇವರು ಎಗರಾಡುತ್ತಾರೆ. ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಹಾಕು ಅಂದಿದ್ದಾರೆ ಪರಿಚಯದವರೊಬ್ಬರು. ಹಾಕಲಾ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಹಾಕಬೇಡಿ. ಯಾವ ಕಾಯಿಲೆ ಅಂತಲೇ ಗೊತ್ತಿಲ್ಲದೆ ಕೊಡುವ ಮಾತ್ರೆ ಅಪಾಯ. ಅವರು ಕುಡಿಯುತ್ತಿದ್ದರೆ, ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಇನ್ನೂ ಅಪಾಯ. ಒಂದು ದಿನ ಗೊತ್ತಾಯಿತು ಅಂದುಕೊಳ್ಳಿ, ಆಮೇಲೆ ನೀವು ಬಡಿಸಿದ ಅನ್ನವನ್ನೂ ಅವರು ನಂಬುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ತಟ್ಟೆಗಿಂತ ಜಾಸ್ತಿ ಆ ರಾತ್ರಿ ಮೂರು ಗಂಟೆ. ನಸುಕಿಗೂ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದೇ ಇರುವುದು ಖಿನ್ನತೆಯ ಒಂದು ಗುರುತು. ಖಿನ್ನತೆ ಅಂದರೆ ಮೂಲೆಯಲ್ಲಿ ಮಂಕಾಗಿ ಕೂರುವುದು ಮಾತ್ರ ಅಂತ ನಾವು ತಿಳಿದಿರುತ್ತೇವೆ. ಎಷ್ಟೋ ಗಂಡಸರಲ್ಲಿ ಅದು ಸಿಡುಕಾಗಿಯೇ ಹೊರಗೆ ಬರುತ್ತದೆ. ಸಾಲದ ಚಿಂತೆ, ಅವಮಾನ ಯಾವುದನ್ನೂ ಬಾಯಿಬಿಟ್ಟು ಹೇಳಲಾಗದೆ, ಉಪ್ಪಿನ ನೆಪದಲ್ಲಿ ಸಿಡಿಯುತ್ತದೆ.

ಪದೇ ಪದೇ ಹೀಗೆ ಸಿಡಿಯುವುದೇ ಒಂದು ಪ್ರತ್ಯೇಕ ಕಾಯಿಲೆಯೂ ಹೌದು. ಇಂಟರ್‌ಮಿಟೆಂಟ್ ಎಕ್ಸ್‌ಪ್ಲೋಸಿವ್ ಡಿಸಾರ್ಡರ್ ಅನ್ನುತ್ತಾರೆ. ಕಾರಣಕ್ಕೂ ಕೋಪಕ್ಕೂ ತಾಳೆಯೇ ಇರುವುದಿಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಆಮೇಲೆ ಪಶ್ಚಾತ್ತಾಪ. ನಿಮ್ಮ ಮನೆಯ ಕಥೆಯೇ ಅನ್ನಿಸುತ್ತದೆ ಅಲ್ವಾ? ಆದರೆ ಅದು ಹೆಚ್ಚಾಗಿ ಬಾಲ್ಯದಲ್ಲೋ ಹದಿಹರೆಯದಲ್ಲೋ ಶುರುವಾಗುತ್ತದೆ. ಶಾಂತವಾಗಿದ್ದವರು ನಲವತ್ತು ದಾಟಿದ ಮೇಲೆ ಹೀಗಾದರೆ ಬೇರೆ ಕಾರಣಗಳನ್ನೇ ಮೊದಲು ಹುಡುಕಬೇಕು. ಥೈರಾಯ್ಡ್ ಜಾಸ್ತಿಯಾದರೂ ಸಿಡುಕು ಬರುತ್ತದೆ. ಕುಡಿತ, ನಿದ್ದೆಗೇಡು, ತಲೆಗೆ ಬಿದ್ದ ಪೆಟ್ಟು ಕೂಡ ಕಾರಣವಾಗಬಹುದು. ನಿದ್ದೆ ಇಲ್ಲದೆಯೂ ಭಾರೀ ಉತ್ಸಾಹ, ನಿಲ್ಲದ ಮಾತು, ಕೈಮೀರಿದ ಖರ್ಚು ಇದ್ದರೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ತೂಗಾಡುವ ಕಾಯಿಲೆ, ಇರಬಹುದೇ ಅಂತ ವೈದ್ಯರು ನೋಡುತ್ತಾರೆ. ಅದಕ್ಕೇ ‘ಅವರಪ್ಪನೂ ಹೀಗೇ’ ಅನ್ನುವ ಮಾತು ನಿಮ್ಮ ಯಜಮಾನರಿಗೆ ಹೊಂದುವುದಿಲ್ಲ. ಅವರು ಹೀಗಿರಲಿಲ್ಲ, ಹೀಗಾದರು. ಡಾಕ್ಟರ ಮುಂದೆ ಇದನ್ನು ಮರೆಯದೆ ಹೇಳಿ.

ಇನ್ನು ಗಿರಾಕಿಗಳ ವಿಷಯ. ಅಂಗಡಿಯಲ್ಲಿ ತಡೆದುಕೊಳ್ಳುತ್ತಾರೆ, ಮನೆಗೆ ಬಂದ ಮೇಲೆ ಬಿಡುತ್ತಾರೆ. ಇದರಿಂದ ಕಾಯಿಲೆ ಇಲ್ಲ ಅಂತ ಆಗುವುದಿಲ್ಲ. ಆದರೆ ಹಿಡಿತ ಪೂರ್ತಿ ತಪ್ಪಿಲ್ಲ ಅನ್ನುವುದಂತೂ ನಿಜ. ಹಾಗಾಗಿ ‘ನನ್ನ ಕೈಲಿಲ್ಲ’ ಅನ್ನುವ ಮಾತನ್ನು ಪೂರ್ತಿ ಒಪ್ಪಬೇಡಿ. ಕಾಯಿಲೆ ಇದ್ದರೆ ಚಿಕಿತ್ಸೆ ಕೊಡಿಸೋಣ, ತಟ್ಟೆ ಎಸೆಯುವುದನ್ನು ಮಾತ್ರ ಸಹಿಸುವುದು ಬೇಡ.

ಮಾತಾಡುವುದಕ್ಕೆ ಜಗಳದ ದಿನ ಬೇಡ, ಅವರು ಅತ್ತ ರಾತ್ರಿಯೂ ಬೇಡ. ಮಾರನೇ ದಿನವೋ, ಭಾನುವಾರವೋ, ಅತ್ತೆ ಮತ್ತು ಮಗು ಇಲ್ಲದ ಹೊತ್ತು ನೋಡಿ. ಹುಚ್ಚು, ಮಾನಸಿಕ ಅನ್ನುವ ಮಾತು ಎತ್ತಬೇಡಿ. ‘ನಿಮಗೆ ನಿದ್ದೆ ಬರ್ತಿಲ್ಲ, ನಾನು ನೋಡ್ತಾ ಇದೀನಿ. ಒಂದ್ಸಲ ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೀನಿ’ ಅನ್ನಿ. ನಿದ್ದೆಯ ಮಾತು ಅವರ ಮರ್ಯಾದೆಗೆ ತಟ್ಟುವುದಿಲ್ಲ. ಮೊದಲು ನೀವು ಯಾವಾಗಲೂ ತೋರಿಸುವ ಡಾಕ್ಟರ ಹತ್ತಿರವೇ ಹೋಗಿ. ಬಿಪಿ, ಶುಗರ್, ಥೈರಾಯ್ಡ್ ಪರೀಕ್ಷೆ ಆಗಲಿ. ಮುಂದೆ ಮನೋವೈದ್ಯರಿಗೆ ತೋರಿಸಿ ಅನ್ನುವ ಮಾತು ಆ ಡಾಕ್ಟರ ಬಾಯಿಂದಲೇ ಬಂದರೆ ಅರ್ಧ ಕೆಲಸ ಆದಂತೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಖಿನ್ನತೆಯೇ ಆಗಿದ್ದರೆ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನೋಡಿ ‘ಏನೂ ಆಗ್ಲಿಲ್ಲ’ ಅಂತ ಬಿಡಲು ಹೋಗಬಹುದು, ಬಿಡಿಸಬೇಡಿ. ಸಿಟ್ಟು ಏರುವುದನ್ನು ಮೊದಲೇ ಗುರುತಿಸಿ ಅಲ್ಲಿಂದ ಎದ್ದು ಹೋಗುವುದನ್ನು ಆಪ್ತಸಮಾಲೋಚನೆಯಲ್ಲಿ ಕಲಿಸುತ್ತಾರೆ. ದಿಂಬಿಗೆ ಗುದ್ದಿ ಸಿಟ್ಟು ತೀರಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರಿಂದ ಸಿಟ್ಟು ಇಳಿಯುವುದಿಲ್ಲ.

ಸಿಡಿದಾಗ ವಾದ ಮಾಡಬೇಡಿ, ಮಗಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿಬಿಡಿ. ಇವತ್ತಿನವರೆಗೆ ಕೈ ಮಾಡಿಲ್ಲ, ಸರಿ. ಮಾಡಿದರೆ, ಮಾಡುತ್ತಾರೆ ಅನ್ನಿಸಿದರೂ, ಡಾಕ್ಟರಿಗೆ ಕಾಯಬೇಡಿ. 112ಕ್ಕೆ ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸಾಲದ ಬೇಸರದಲ್ಲಿ ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಗಳಿಗೆ ‘ಅಪ್ಪ ಹಾಗೆ ಮಾಡಿದ್ದು ತಪ್ಪು, ಅದು ನಿನ್ನಿಂದ ಆಗಿದ್ದಲ್ಲ’ ಅಂತ ಬಿಡಿಸಿ ಹೇಳಿ. ಮಕ್ಕಳು ತಮ್ಮದೇ ತಪ್ಪು ಅಂದುಕೊಂಡಿರುತ್ತಾರೆ.

ಅವರು ಬರುವುದೇ ಇಲ್ಲ ಅಂದರೆ ನೀವು ಸುಮ್ನೆ ಕೂರಬೇಡಿ. 14416, ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ. ಹಗಲು ರಾತ್ರಿ ಕೆಲಸ ಮಾಡುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಬಹುದು. ಮೊದಲ ಕರೆ ನಿಮ್ಮದೇ ಆಗಲಿ.