ಚಳಿಗಾಲದುದ್ದಕ್ಕೂ ದಿನವೂ ಅತಿಮಧುರದ ಬೇರಿನ ಕಷಾಯ ಕುಡಿಯಬಹುದೇ?

ನೆಗಡಿ ಬಾರದಂತೆ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲು ಅತಿಮಧುರ, ಅಶ್ವಗಂಧ, ಶುಂಠಿ, ದಿನಕ್ಕೆರಡು ಲೋಟ, ಚಳಿ ಶುರುವಾಗುವ ಮೊದಲಿನಿಂದ ಅದು ಮುಗಿಯುವವರೆಗೆ ಮೂರು ತಿಂಗಳು. ನಿಮ್ಮ ಪತ್ರದಲ್ಲಿ ಈ ಯೋಜನೆಯನ್ನು ಓದುವಾಗ ನನ್ನದೇ ಹಳೆಯ ದಿನಚರಿಯ ಪುಟವೊಂದನ್ನು ಮತ್ತೆ ತೆರೆದಂತಾಯಿತು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ತಾಯಿಗೂ ಹತ್ತು ದಿನಗಳಿಂದ ಇದನ್ನೇ ಕೊಡುತ್ತಿದ್ದೀರಿ ಎಂಬ ಕೊನೆಯ ಸಾಲನ್ನು ಓದಿದ ಮೇಲಂತೂ ಉತ್ತರಿಸದೆ ಇರಲಾಗಲಿಲ್ಲ. ಅವರಿಗೆ ಕೊಡುವುದನ್ನು ಇಂದೇ ನಿಲ್ಲಿಸಿ. ಏಕೆ ಎಂಬುದನ್ನು ನನಗಾದದ್ದರ ಮೂಲಕವೇ ಹೇಳುತ್ತೇನೆ.

ಹಿಂದೊಂದು ಚಳಿಗಾಲದಲ್ಲಿ ನನಗೆ ಮೂರು ಬಾರಿ ನೆಗಡಿಯಾಗಿ, ಪ್ರತಿ ಬಾರಿಯೂ ಕೆಮ್ಮು ಎರಡು ಮೂರು ವಾರ ಉಳಿದಿತ್ತು. ಮತ್ತೆ ಹಾಗಾಗಬಾರದು ಎಂಬ ಹಟದಿಂದ, ಮರುವರ್ಷ ಚಳಿ ಇಳಿಯುವ ಮೊದಲೇ ಕಷಾಯ ಆರಂಭಿಸಿದೆ. ಅತಿಮಧುರದ ಒಣಬೇರನ್ನು ಒಂದು ಹಿಡಿ ತೆಗೆದುಕೊಂಡು ಜಜ್ಜಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ ಕುಡಿಯುತ್ತಿದ್ದೆ. ಬೇರಿಗೆ ಸಹಜವಾದ ಸಿಹಿಯಿರುವುದರಿಂದ ಬೇರೆ ಕಷಾಯಗಳ ಹಾಗೆ ಮುಖ ಸಿಂಡರಿಸಿಕೊಂಡು ಕುಡಿಯಬೇಕಾಗಿರಲಿಲ್ಲ. ನಾನು ಅದಕ್ಕಾಗಿ ಕಾಯುತ್ತಿದ್ದೆ ಎಂದರೂ ತಪ್ಪಿಲ್ಲ. ಮೊದಲ ಐದು ವಾರ ನೆಗಡಿ ಸುಳಿಯಲಿಲ್ಲ. ಅದನ್ನೇ ಸಾಕ್ಷಿಯೆಂದು ನಂಬಿದೆ. ವಯಸ್ಕರಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಮೂರು ಬಾರಿ ನೆಗಡಿಯಾಗುತ್ತದೆ. ಹಾಗಿರುವಾಗ ಏನನ್ನೂ ಕುಡಿಯದವರಿಗೂ ಐದು ವಾರ ಆರಾಮವಾಗಿ ಕಳೆಯುವುದು ವಿಶೇಷವಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆರನೆಯ ವಾರದಲ್ಲಿ ಬೆರಳಿನ ಉಂಗುರ ಬಿಗಿಯಾಯಿತು. ಬೆಳಗಿನ ಹೊತ್ತು ಮುಖ ಊದಿಕೊಂಡಂತಿರುತ್ತಿತ್ತು. ನಂತರ ರಾತ್ರಿ ಮೀನಖಂಡದಲ್ಲಿ ಸೆಳೆತ ಶುರುವಾಗಿ ನಿದ್ದೆಯಿಂದ ಎಬ್ಬಿಸತೊಡಗಿತು. ಎಲ್ಲವನ್ನೂ ಚಳಿಯ ಲೆಕ್ಕಕ್ಕೆ ಹಾಕಿದೆ. ಸುಸ್ತು ಹೆಚ್ಚಿದಂತೆಲ್ಲ ಶರೀರಕ್ಕೆ ಇನ್ನಷ್ಟು ಬಲ ಬೇಕಾಗಿದೆ ಎಂದುಕೊಂಡು ಬೇರಿನ ಪ್ರಮಾಣವನ್ನೂ ಹೆಚ್ಚಿಸಿದೆ. ಒಂಬತ್ತನೆಯ ವಾರದ ಒಂದು ಮುಂಜಾನೆ ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಕೈ ಮೇಲೇಳಲಿಲ್ಲ. ಮಹಡಿಯ ಮೆಟ್ಟಿಲನ್ನು ಹತ್ತಲು ಗೋಡೆ ಹಿಡಿಯಬೇಕಾಯಿತು.

ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದೊತ್ತಡ 170/105 ಇತ್ತು. ಅಲ್ಲಿಯವರೆಗೆ ನನಗೆ ರಕ್ತದೊತ್ತಡದ ತೊಂದರೆಯೇ ಇರಲಿಲ್ಲ. ರಕ್ತದಲ್ಲಿ ಪೊಟ್ಯಾಷಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದಲ್ಲಿ 2.4 ಇತ್ತು. ಅಷ್ಟು ಕಡಿಮೆಯಾದರೆ ಸ್ನಾಯುಗಳು ಮಾತ್ರವಲ್ಲ, ಹೃದಯದ ಬಡಿತವೂ ಲಯ ತಪ್ಪಬಹುದು ಎಂದು ತಕ್ಷಣ ದಾಖಲಿಸಿಕೊಂಡರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?’ ಎಂಬುದು. ನಾನು, ‘ಇಲ್ಲ’ ಎಂದೆ.

ಈ ‘ಇಲ್ಲ’ ಎಂಬ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನಗಾದ ನಷ್ಟವೆಲ್ಲ ಅದರೊಳಗೇ ಇದೆ. ನಾನು ಸುಳ್ಳು ಹೇಳಲಿಲ್ಲ, ಮರೆಯಲೂ ಇಲ್ಲ. ಔಷಧಿ ಎಂದರೆ ಮಾತ್ರೆ, ಸಿರಪ್ಪು, ಚುಚ್ಚುಮದ್ದು ಎಂದೇ ನನ್ನ ಮನಸ್ಸು ತಿಳಿದಿತ್ತು. ಬೇರು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ಔಷಧಿಯಲ್ಲ ಎಂದುಕೊಂಡದ್ದರಿಂದಲೇ ನಾನು ಒಂದು ದಿನವೂ ಅದನ್ನು ತೂಗಿ ನೋಡಲಿಲ್ಲ, ಎಷ್ಟು ದಿನಕ್ಕೆ ನಿಲ್ಲಿಸಬೇಕು ಎಂದು ಯೋಚಿಸಲಿಲ್ಲ, ಸೆಳೆತ ಬಂದಾಗ ಅದರತ್ತ ಬೆರಳು ತೋರಿಸಲಿಲ್ಲ, ಕೊನೆಗೆ ವೈದ್ಯರು ನೇರವಾಗಿ ಕೇಳಿದಾಗಲೂ ಬಾಯಿ ಬಿಡಲಿಲ್ಲ. ಆದರೆ ಅದೇ ಬೇರು ನನ್ನನ್ನು ರೋಗದಿಂದ ಕಾಪಾಡುತ್ತದೆ ಎಂಬ ನಂಬಿಕೆಯೂ ಅಷ್ಟೇ ಗಟ್ಟಿಯಾಗಿತ್ತು. ಶರೀರದ ಮೇಲೆ ಪರಿಣಾಮ ಮಾಡುವಷ್ಟು ಶಕ್ತಿ ಇದೆ, ಹಾನಿ ಮಾಡುವಷ್ಟು ಇಲ್ಲ ಎಂಬ ಎರಡು ನಂಬಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದೆ.

ಅದರ ಬೆಲೆ ಹೀಗೆ ತೆರಬೇಕಾಯಿತು. ರಕ್ತನಾಳದ ಮೂಲಕ ಪೊಟ್ಯಾಷಿಯಂ ಕೊಡಲಾರಂಭಿಸಿದರು. ಸ್ವಲ್ಪ ಏರಿ ಮತ್ತೆ ಇಳಿಯಿತು. ಎರಡನೆಯ ದಿನವೂ ಹಾಗೆಯೇ ಆಯಿತು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆಯಿರಬಹುದೇ ಎಂಬ ಸಂದೇಹದಿಂದ ಸ್ಕ್ಯಾನ್ ಮಾಡಿಸಿದರು, ಹಾರ್ಮೋನುಗಳ ಪರೀಕ್ಷೆಗೆ ರಕ್ತ ಕಳುಹಿಸಿದರು. ಗಡ್ಡೆ ಎಂಬ ಮಾತು ಕೇಳಿ ಮನೆಯವರು ಊಟ ಬಿಟ್ಟರು. ಈ ಎಲ್ಲ ದಿನಗಳಲ್ಲೂ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಮನೆಯಿಂದ ತಂದ ಫ್ಲಾಸ್ಕ್ ಇತ್ತು, ಅದರೊಳಗೆ ಅದೇ ಕಷಾಯವಿತ್ತು. ಒಂದು ಕೈಗೆ ಪೊಟ್ಯಾಷಿಯಂ ಹನಿಹನಿಯಾಗಿ ಹೋಗುತ್ತಿತ್ತು, ಇನ್ನೊಂದು ಕೈಯಿಂದ ಅದನ್ನು ಹೊರಹಾಕುವ ವಸ್ತುವನ್ನು ನಾನು ಕುಡಿಯುತ್ತಿದ್ದೆ.

ಪರೀಕ್ಷೆಯ ಫಲಿತಾಂಶದಲ್ಲಿ, ಉಪ್ಪನ್ನು ಹಿಡಿದಿಟ್ಟು ಪೊಟ್ಯಾಷಿಯಂ ಹೊರಹಾಕಿಸುವ ಅಲ್ಡೋಸ್ಟಿರೋನ್ ಎಂಬ ಹಾರ್ಮೋನು, ಅದನ್ನು ಪ್ರಚೋದಿಸುವ ರೆನಿನ್, ಎರಡೂ ತೀರ ಕಡಿಮೆ ಇದ್ದವು. ಗ್ರಂಥಿಯ ಗಡ್ಡೆಯೇ ಅಲ್ಡೋಸ್ಟಿರೋನ್ ಸುರಿಸುತ್ತಿದ್ದರೆ ಅದು ಹೆಚ್ಚಿರಬೇಕಿತ್ತು. ಆಗ ವೈದ್ಯರು ಬಂದು ಕುಳಿತು ಪ್ರಶ್ನೆಯನ್ನು ಬದಲಿಸಿ ಕೇಳಿದರು: ‘ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಕುಡಿಯುತ್ತೀರಿ?’ ನಾನು ಫ್ಲಾಸ್ಕ್ ತೋರಿಸಿದೆ. ಉಳಿದದ್ದನ್ನು ಅವರೇ ವಿವರಿಸಿದರು.

ನಮ್ಮ ಶರೀರದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಸದಾ ಹರಿದಾಡುತ್ತಿರುತ್ತದೆ. ಅದಕ್ಕೆ ಮೂತ್ರಪಿಂಡದಲ್ಲಿ ಅಲ್ಡೋಸ್ಟಿರೋನ್ ಮಾಡುವ ಕೆಲಸವನ್ನೇ ಮಾಡುವ ಸಾಮರ್ಥ್ಯವಿದೆ. ಹಾಗಾಗದಂತೆ ಅಲ್ಲಿನ ಒಂದು ಕಿಣ್ವವು ಕಾರ್ಟಿಸಾಲನ್ನು ನಿಷ್ಕ್ರಿಯವಾದ ಕಾರ್ಟಿಸೋನ್ ಆಗಿ ಬದಲಿಸುತ್ತಿರುತ್ತದೆ. ಅತಿಮಧುರಕ್ಕೆ ಸಿಹಿ ಕೊಡುವ ಗ್ಲಿಸಿರೈಜಿನ್ ಕರುಳಿನಲ್ಲಿ ಮಾರ್ಪಾಡಾಗಿ ರಕ್ತ ಸೇರಿದಾಗ ಈ ಕಿಣ್ವವನ್ನೇ ತಡೆಯುತ್ತದೆ. ಕಾವಲು ತಪ್ಪಿದ ಮೇಲೆ ಮೂತ್ರಪಿಂಡವು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಷಿಯಂ ಅನ್ನು ಹೊರಕ್ಕೆ ಚೆಲ್ಲುತ್ತದೆ. ಉಂಗುರ ಬಿಗಿಯಾದದ್ದು, ಒತ್ತಡ ಏರಿದ್ದು, ಕೈ ಏಳದೆ ಹೋದದ್ದು, ಎಲ್ಲವೂ ಇದೊಂದೇ ಕಾರಣದ ಫಲ. ನಾನು ಇಷ್ಟಪಟ್ಟ ಸಿಹಿಯೇ ಆ ವಸ್ತು.

ಪ್ರಮಾಣ ಎಷ್ಟು ಎಂದು ನೀವು ಕೇಳಿದ್ದೀರಿ. ಯುರೋಪಿನ ಆಹಾರ ವೈಜ್ಞಾನಿಕ ಸಮಿತಿಯು 2003ರಲ್ಲಿ ನಿತ್ಯ ಸೇವನೆಗೆ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದು ಎಂದು ಹೇಳಿದೆ. ಒಣಬೇರಿನಲ್ಲಿ ಅದು ಶೇಕಡಾ 4ರಷ್ಟಿದೆ ಎಂದು ಲೆಕ್ಕ ಹಾಕಿದರೂ ಎರಡೂವರೆ ಗ್ರಾಂ ಬೇರಿನಲ್ಲೇ ಅಷ್ಟು ಬಂದುಬಿಡುತ್ತದೆ. ನನ್ನ ‘ಒಂದು ಹಿಡಿ’ಯನ್ನು ಆಮೇಲೆ ತೂಗಿ ನೋಡಿದೆ, 15 ಗ್ರಾಂ ಇತ್ತು. ಅದರಲ್ಲಿರುವುದೆಲ್ಲ ನೀರಿಗೆ ಇಳಿಯದಿದ್ದರೂ ಆ ಮಿತಿಯ ಹಲವು ಪಟ್ಟು. ಇದಲ್ಲದೆ ಬೇರಿನಿಂದ ಬೇರಿಗೆ ಅಂಶ ಬದಲಾಗುತ್ತದೆ. ಮನೆಯಲ್ಲಿ ಕುದಿಸುವವರಿಗೆ ಅದನ್ನು ಅಳೆಯುವ ದಾರಿಯಿಲ್ಲ. ಆದ್ದರಿಂದ ತಿಂಗಳುಗಟ್ಟಲೆ ಕುಡಿಯುವುದಕ್ಕೆ ನಾನು ನಿಮಗೆ ಯಾವ ಪ್ರಮಾಣವನ್ನೂ ಹೇಳುವುದಿಲ್ಲ. ಕಷಾಯ ನಿಲ್ಲಿಸಿದ ಮೇಲೆ ನನ್ನ ರಕ್ತದೊತ್ತಡ ಮೊದಲಿನಂತಾಗಲು ನಾಲ್ಕು ವಾರ ಬೇಕಾಯಿತು.

ಈಗ ನಿಮ್ಮ ಪ್ರಶ್ನೆಯ ಮೂಲಕ್ಕೇ ಬರುತ್ತೇನೆ, ಏಕೆಂದರೆ ಅದನ್ನು ನಾನು ಒಪ್ಪುವುದಿಲ್ಲ. ರೋಗನಿರೋಧಕ ಶಕ್ತಿಯು ತುಂಬಿಸುತ್ತ ಹೋಗಬಹುದಾದ ಕೊಡವಲ್ಲ. ನೆಗಡಿಯಾದಾಗ ಮೂಗು ಸೋರುವುದು, ಗಂಟಲು ಊದುವುದು, ಮೈ ಬಿಸಿಯಾಗುವುದು, ಇವೆಲ್ಲ ಬಹುಮಟ್ಟಿಗೆ ಆ ಶಕ್ತಿಯ ಕೆಲಸವೇ. ಅದು ಇನ್ನಷ್ಟು ಜೋರಾದರೆ ನಾವು ಇನ್ನಷ್ಟು ಆರಾಮವಾಗಿರುತ್ತೇವೆ ಎಂಬುದಕ್ಕೆ ಅರ್ಥವಿಲ್ಲ. ನೆಗಡಿ ತರುವ ವೈರಸ್ಸುಗಳು 200ಕ್ಕೂ ಹೆಚ್ಚಿವೆ. ಅವೆಲ್ಲವನ್ನೂ ತಡೆಯುವ ಬೇರು ಯಾವುದೂ ಇಲ್ಲ. ನೀವು ಕೊಂಡಿಟ್ಟಿರುವ ಎಕಿನೇಶಿಯ ಎಂಬ ಗಿಡಮೂಲಿಕೆಯ ಉದಾಹರಣೆಯನ್ನೇ ನೋಡಿ. 24 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2014ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆಗೆ ನೆಗಡಿಯ ಚಿಕಿತ್ಸೆಯಲ್ಲಿ ಅದರಿಂದ ಸ್ಪಷ್ಟ ಪ್ರಯೋಜನ ಸಿಗಲಿಲ್ಲ. ತಡೆಯುವ ವಿಷಯದಲ್ಲಿಯೂ ಕಂಡದ್ದು ಸಣ್ಣ ಒಲವಷ್ಟೇ. ಅಶ್ವಗಂಧದ ಬಗ್ಗೆ ಇಷ್ಟೇ ಹೇಳುತ್ತೇನೆ: ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ, ಗರ್ಭಿಣಿಯರಿಗೆ ಅದು ಬೇಡ. ಶುಂಠಿಯನ್ನು ಬಿಸಿನೀರಿನಲ್ಲಿ ಕುದಿಸಿ ಕುಡಿದರೆ ಗಂಟಲಿಗೆ ಹಿತವಾಗುತ್ತದೆ, ನಾನು ಇಂದಿಗೂ ಕುಡಿಯುತ್ತೇನೆ; ಗಂಟಲು ಕೆರೆಯುವ ಮೂರು ನಾಲ್ಕು ದಿನ ಮಾತ್ರ, ಹಿತಕ್ಕಾಗಿ ಮಾತ್ರ.

ಕಷಾಯ ಕಾಯಿಸಲು ಮುಂಜಾನೆ ಒಂದು ಗಂಟೆ ಮೊದಲೇ ಏಳುತ್ತಿದ್ದವನು ಈಗ ಆ ಗಂಟೆಯನ್ನು ನಿದ್ದೆಗೆ ಕೊಟ್ಟಿದ್ದೇನೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ಸನ್ನು ಹನಿಸಿ ನೋಡಿದಾಗ, ಏಳು ಗಂಟೆಗಿಂತ ಹೆಚ್ಚು ಮಲಗುವವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿಯಾಗುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಿಕೊಳ್ಳುತ್ತೇನೆ. ಹೊರಗಿನಿಂದ ಬಂದ ಕೂಡಲೇ ಕೈ ತೊಳೆಯುತ್ತೇನೆ. ನೆಗಡಿ ಬಂದರೆ ಹತ್ತು ದಿನ ಕಾಯುತ್ತೇನೆ.

ನಿಮ್ಮ ತಾಯಿಯ ವಿಷಯ ಮಾತ್ರ ಕಾಯುವಂಥದ್ದಲ್ಲ. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರವರ್ಧಕಗಳು ತಾವೇ ಪೊಟ್ಯಾಷಿಯಂ ಇಳಿಸುತ್ತವೆ. ಅತಿಮಧುರ ಅದರ ಜೊತೆ ಸೇರಿದರೆ ಇಳಿತ ಇನ್ನಷ್ಟು ಹೆಚ್ಚುತ್ತದೆ. ಹೃದಯಕ್ಕಾಗಿ ಡಿಜಾಕ್ಸಿನ್ ತೆಗೆದುಕೊಳ್ಳುತ್ತಿದ್ದರೆ ಅಪಾಯ ಇನ್ನೂ ಹೆಚ್ಚು. ಅವರ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸಬೇಡಿ. ನಿಲ್ಲಬೇಕಾದದ್ದು ಕಷಾಯ ಮಾತ್ರ. ನಾಳೆಯೇ ಅವರ ವೈದ್ಯರ ಬಳಿಗೆ ಕರೆದೊಯ್ದು ರಕ್ತದೊತ್ತಡ ನೋಡಿಸಿ, ಪೊಟ್ಯಾಷಿಯಂ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಕಾಲು ಸೋತರೆ, ಎದೆ ಡವಗುಟ್ಟಿದರೆ ನಾಳೆಯವರೆಗೂ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಬೇರಿನ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಂಡು, ವೈದ್ಯರು ಕೇಳುವ ಮೊದಲೇ ಅದನ್ನು ಮೇಜಿನ ಮೇಲಿಡಿ.