ಯಾವುದಕ್ಕೆ ಜಾಸ್ತಿ ಕೊಡಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ಕುಕ್ಕರಿನ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಬದಲಿಸಬೇಕಿತ್ತು. ಕಂಪೆನಿಯದ್ದರ ಅರ್ಧ ಕ್ರಯಕ್ಕೆ ಬೇರೆ ಇದೆ ಅಂದರು ಅಂಗಡಿಯವರು. “ರಬ್ಬರ್ ಯಾವುದಾದರೇನು?” ಅನ್ನುತ್ತಾರೆ ಅತ್ತೆ. ನಿಜವಾಗಿ ವ್ಯತ್ಯಾಸ ಇದೆಯಾ? ಸ್ಟೀಲ್ ಪಾತ್ರೆಯಲ್ಲೂ ಹೀಗೇನಾ?
– ಗೃಹಿಣಿ, ಬದಿಯಡ್ಕ

ಉತ್ತರ: ಇದೆ. ಅದರಲ್ಲೂ ವಾಲ್ವಿನ ವಿಷಯದಲ್ಲಿ ದಯವಿಟ್ಟು ಚೌಕಾಶಿ ಮಾಡಬೇಡಿ.

ಮುಚ್ಚಳ ತಿರುಗಿಸಿ ವಾಲ್ವನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವೆ ಸಣ್ಣ ತೂತು, ಅದನ್ನು ಮುಚ್ಚಿದ ಬೂದು ಬಣ್ಣದ ಲೋಹ. ಆ ಲೋಹ ಬೇಗ ಕರಗುವ ಜಾತಿಯದ್ದು. ಕುಚ್ಚಲಕ್ಕಿಯ ತೆಳಿ ನೊರೆ ಎದ್ದು, ವಿಸಿಲ್ ಕೂರುವ ನಳಿಗೆ ಕಟ್ಟಿಕೊಂಡಿತು ಅಂತ ಇಟ್ಟುಕೊಳ್ಳಿ. ಆವಿ ಹೊರಗೆ ಹೋಗದೆ ಒಳಗೆ ಒತ್ತಡವೂ ಬಿಸಿಯೂ ಏರುತ್ತದೆ. ಒಂದು ಹಂತ ದಾಟಿದಾಗ ಈ ಲೋಹ ಕರಗಿ ತೂತು ತೆರೆಯಬೇಕು. ಅದು ಕರಗಬೇಕಾದ ಬಿಸಿಗೆ ಸರಿಯಾಗಿ ಕರಗುವುದೇ ಅದರ ಗುಣಮಟ್ಟ. ನಕಲಿ ವಾಲ್ವ್ ನೋಡಲು ಹಾಗೇ ಇರುತ್ತದೆ. ಕರಗುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಮಾತ್ರ ಅಪಾಯದ ಹೊತ್ತಿಗೆ. ಉಳಿಯುವುದು ಕೆಲವೇ ರೂಪಾಯಿ. ಕುಕ್ಕರ್ ಯಾವ ಕಂಪೆನಿಯದ್ದೋ ವಾಲ್ವ್, ಗ್ಯಾಸ್ಕೆಟ್ ಎರಡೂ ಅದೇ ಕಂಪೆನಿಯದ್ದು ಹಾಕಿ. ಪ್ರತಿ ಸಲ ಒಲೆಗೆ ಇಡುವ ಮೊದಲು ವಿಸಿಲಿನ ನಳಿಗೆಯನ್ನು ಬೆಳಕಿಗೆ ಹಿಡಿದು ತೂತು ಕಾಣುತ್ತದಾ ನೋಡುವುದಕ್ಕೆ ದುಡ್ಡೇ ಬೇಡ.

ಹೊಸ ಕುಕ್ಕರ್ ಕೊಳ್ಳುವುದಾದರೆ ಐ.ಎಸ್.ಐ. ಗುರುತು ಇರಲೇಬೇಕು. ಗುರುತಿನ ಕೆಳಗೆ ಸಿ.ಎಂ./ಎಲ್. ಅಂತ ಒಂದು ಸಂಖ್ಯೆ ಇರುತ್ತದೆ. ಈ ಗುರುತು ಕೊಡುವ ಸರಕಾರಿ ಸಂಸ್ಥೆಯ ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಲೈಸನ್ಸ್ ಯಾರದ್ದು, ಈಗ ಚಾಲ್ತಿಯಲ್ಲಿದೆಯಾ ಅಂತ ತಿಳಿಯುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚ ಬೇಡ.

ಇನ್ನು ಸ್ಟೀಲ್. 304 ದರ್ಜೆಯದ್ದರಲ್ಲಿ ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 200ರ ಸಾಲಿನ ಅಗ್ಗದ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಅಂತ ಹೇಳುವವರಿದ್ದಾರೆ. ನಂಬಬೇಡಿ, ಈ ಎರಡಕ್ಕೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ. ಪಾತ್ರೆಯ ಮೇಲೆ ಅಥವಾ ಬಿಲ್ಲಿನಲ್ಲಿ ದರ್ಜೆ ಬರೆದದ್ದನ್ನೇ ಕೇಳಿ. ಹುಳಿ, ಸಾರು, ಮಜ್ಜಿಗೆ ಗಂಟೆಗಟ್ಟಲೆ ಇರುವ ಪಾತ್ರೆಗೆ 304ಕ್ಕೆ ಜಾಸ್ತಿ ಕೊಡುವುದು ಸರಿ. ಅಕ್ಕಿ, ಬೇಳೆ ತುಂಬಿಸಿಡುವ ಡಬ್ಬಕ್ಕೆ ಬೇಡ. ಉಪ್ಪಿನಕಾಯಿ, ಉಪ್ಪುಸೊಳೆಗಂತೂ ಎಷ್ಟೇ ದುಬಾರಿ ಸ್ಟೀಲ್ ಆದರೂ ಬೇಡ. ತಿಂಗಳುಗಟ್ಟಲೆ ಉಪ್ಪುನೀರು ನಿಂತರೆ ಸ್ಟೀಲಿಗೆ ಸೂಜಿಮೊನೆಯಂಥ ತೂತುಗಳು ಬೀಳಬಹುದು. ಅದಕ್ಕೆ ನಿಮ್ಮ ಅತ್ತೆಯ ಕಾಲದ ಭರಣಿಯೇ ಸರಿ.

ಪ್ರಶ್ನೆ: ನಮ್ಮದು ಎರಡು ತಿಂಗಳಿಗೆ 540 ಯೂನಿಟ್ ಬರುತ್ತದೆ. ಫ್ಯಾನುಗಳು ಹಳೆಯವು. ಕರೆಂಟ್ ಕಡಿಮೆ ಎಳೆಯುವ ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನ್ ಹಾಕಿ ಅನ್ನುತ್ತಾರೆ, ಕ್ರಯ ಕೇಳಿದರೆ ಹೆದರಿಕೆ ಆಗುತ್ತದೆ. ಆ ದುಡ್ಡು ಹಿಂದೆ ಬರುತ್ತದಾ?
– ನಿವೃತ್ತ ಅಧ್ಯಾಪಕರು, ಕುಂಬಳೆ

ಉತ್ತರ: ಮೇಷ್ಟ್ರೇ, ನಿಮ್ಮ ಮನೆಯ ಲೆಕ್ಕದಲ್ಲಿ ಖಂಡಿತ ಬರುತ್ತದೆ. ಹಳೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿ.ಎಲ್.ಡಿ.ಸಿ. ಅದೇ ಗಾಳಿಗೆ 30 ವ್ಯಾಟ್ ಆಸುಪಾಸು. ದಿನಕ್ಕೆ 12 ಗಂಟೆ ಓಡಿದರೆ ಒಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 1,100 ರೂಪಾಯಿ ದಾಟುತ್ತದೆ.

ನಿಮಗೆ ಇನ್ನೊಂದು ಲಾಭ ಇದೆ. ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯ ಮನೆ ಬಿಲ್ಲಿನಲ್ಲಿ ತಿಂಗಳಿಗೆ 250 ಯೂನಿಟ್‌ವರೆಗೆ ಹಂತಹಂತದ ದರ. ಮೊದಲ ಯೂನಿಟ್‌ಗಳಿಗೆ ಕಡಿಮೆ, ಮುಂದಿನವಕ್ಕೆ ಜಾಸ್ತಿ. 250 ದಾಟಿತೋ, ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ದರ ಬೀಳುತ್ತದೆ. ಬಿಲ್ ಎರಡು ತಿಂಗಳದ್ದು, ಹಾಗಾಗಿ ಗಡಿ 500. ನೀವು 540ರಲ್ಲಿದ್ದೀರಿ. ಜಾಸ್ತಿ ಓಡುವ ಎರಡು ಫ್ಯಾನ್ ಮಾತ್ರ ಬದಲಿಸಿ. ಎರಡು ತಿಂಗಳಿಗೆ 64 ಯೂನಿಟ್ ಇಳಿದು 476ಕ್ಕೆ ಬರುತ್ತೀರಿ, ಹಂತದ ದರ ನಿಮಗೆ ಮತ್ತೆ ಸಿಗುತ್ತದೆ. ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನನ್ನು ಹಾಗೇ ಬಿಡಿ. ಅದಕ್ಕೆ ಹಾಕಿದ ದುಡ್ಡು ಹತ್ತು ವರ್ಷವಾದರೂ ಹಿಂದೆ ಬರಲಿಕ್ಕಿಲ್ಲ.

ಒಂದು ಎಚ್ಚರಿಕೆ. ಈ ಫ್ಯಾನಿನೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದೆ. ತುಲಾ ಮಳೆಯ ಗುಡುಗು ಮಿಂಚಿಗೆ ಮೊದಲು ಹೋಗುವುದು ಅದೇ. ಸಿಡಿಲಿನ ಸೂಚನೆ ಕಂಡರೆ ಲೈನ್ ಆಫ್ ಮಾಡಿ. ಬೋರ್ಡಿಗೂ ವಾರಂಟಿ ಇದೆಯಾ, ಸರ್ವಿಸ್ ಕಾಸರಗೋಡಿನಲ್ಲೇ ಸಿಗುತ್ತದಾ ಅಂತ ಮೊದಲು ಕೇಳಿ. ಇನ್ನೂರು ರೂಪಾಯಿ ಕಡಿಮೆಗೆ ಕೊಂಡು, ರಿಪೇರಿಗೆ ಮಂಗಳೂರಿಗೆ ಹೊತ್ತುಕೊಂಡು ಹೋಗುವ ಹಾಗೆ ಆಗಬಾರದು ಅಲ್ವಾ? ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರ ಸಂಪರ್ಕ ಕೊಡಿಸಿ.

ಪ್ರಶ್ನೆ: ಅಡಿಕೆ ಒಣಗಿಸಲು ಪ್ರತಿ ವರ್ಷ ಟರ್ಪಾಲು ಕೊಳ್ಳುತ್ತೇನೆ, ಪ್ರತಿ ವರ್ಷ ಹರಿಯುತ್ತದೆ. ದಪ್ಪದ್ದು ಅಂತ ಹೇಳಿಯೇ ಕೊಡುತ್ತಾರೆ. ದಪ್ಪ ಗೊತ್ತಾಗುವುದು ಹೇಗೆ?
– ಕೃಷಿಕರು, ಪೆರ್ಲ

ಉತ್ತರ: ತೂಕ ಹಾಕಿಸಿ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಟರ್ಪಾಲಿನ ದಪ್ಪವನ್ನು ಜಿ.ಎಸ್.ಎಂ.ನಲ್ಲಿ ಹೇಳುತ್ತಾರೆ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಅರ್ಥ. 18 ಅಡಿಗೆ 12 ಅಡಿಯ ಟರ್ಪಾಲು ಸುಮಾರು 20 ಚದರ ಮೀಟರ್. 200 ಜಿ.ಎಸ್.ಎಂ. ಆದರೆ 4 ಕಿಲೋ ತೂಗಬೇಕು. 90ರದ್ದಾದರೆ 1 ಕಿಲೋ 800 ಗ್ರಾಂ. 200 ಅಂತ ಹೇಳಿ ಕೊಟ್ಟದ್ದು ಎರಡೂವರೆ ಕಿಲೋ ತೂಗಿದರೆ ವಾಪಸು ಕೊಟ್ಟುಬಿಡಿ. ಅಳತೆಯೂ ಬಿಡಿಸಿ ನೋಡಿ, ಎರಡೂ ಬದಿ ಅರ್ಧ ಅಡಿ ಕಡಿಮೆ ಇರುವುದುಂಟು. ನೀಲಿಯೋ ಹಳದಿಯೋ ಅನ್ನುವುದಕ್ಕೂ ಬಾಳಿಕೆಗೂ ಸಂಬಂಧವಿಲ್ಲ. ಬಿಸಿಲಿನ ತಡೆ, ಅಂದರೆ ಯು.ವಿ. ರಕ್ಷಣೆ ಇದೆಯಾ ಅಂತ ಕೇಳಿ. ಅದಿಲ್ಲದಿದ್ದರೆ ಎಷ್ಟು ದಪ್ಪ ಇದ್ದರೂ ಬೇಸಿಗೆಯ ಬಿಸಿಲಿಗೆ ಪುಡಿಪುಡಿಯಾಗುತ್ತದೆ.

ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಒಣಗಲು ಹೆಚ್ಚುಕಡಿಮೆ 40 ದಿನ ಬಿಸಿಲು ಬೇಕು. ಅಷ್ಟು ದಿನ ಅಡಿಯ ಹಾಳೆಯಲ್ಲಿ ತೂತುಗಳಿದ್ದರೆ ನೆಲದ ತೇವ ಮೇಲೇರಿ ಅಡಿಕೆಗೆ ಬೂಸ್ಟು ಹಿಡಿಯುತ್ತದೆ. ಒಳಗೆ ಕಪ್ಪಾದ ಅಡಿಕೆಗೆ ಏನು ಧಾರಣೆ ಸಿಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಟರ್ಪಾಲಿನ ಲೆಕ್ಕವನ್ನು ಟರ್ಪಾಲಿನ ಕ್ರಯದಲ್ಲಿ ಹಾಕಬೇಡಿ, ಅದರ ಮೇಲೆ ಹರಡುವ ಅಡಿಕೆಯ ಕ್ರಯದಲ್ಲಿ ಹಾಕಿ. ಸುಮ್ನೆ ಕಟ್ಟಿಗೆ ಮುಚ್ಚಲಿಕ್ಕೆ, ದನದ ಕೊಟ್ಟಿಗೆಯ ಬದಿಗೆ ಕಟ್ಟಲಿಕ್ಕೆ ಅಗ್ಗದ್ದೇ ಸಾಕು.

ಪ್ರಶ್ನೆ: ಮಗನಿಗೆ ಹೆಲ್ಮೆಟ್ ಕೊಳ್ಳಬೇಕು. ರಸ್ತೆ ಬದಿಯಲ್ಲಿ ಮುನ್ನೂರಕ್ಕೂ ಸಿಗುತ್ತದೆ, ಅಂಗಡಿಯಲ್ಲಿ ಸಾವಿರದ ಮೇಲೆ.
– ತಾಯಿ, ಮುಳ್ಳೇರಿಯ

ಉತ್ತರ: ಅಂಗಡಿಯದ್ದೇ ಇರಲಿ, ಅಮ್ಮ. 2021ರ ಜೂನ್‌ನಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಕಾನೂನಿಗೆ ವಿರುದ್ಧ. ಗುರುತಿನ ಮೇಲೆ ಐ.ಎಸ್. 4151 ಅಂತ ಇರಬೇಕು. ಪೆಟ್ಟನ್ನು ಹೀರಿಕೊಳ್ಳುವುದು ಒಳಗಿನ ಗಟ್ಟಿ ಥರ್ಮೋಕೋಲ್ ಪದರ. ಅಗ್ಗದ್ದರಲ್ಲಿ ಅದರ ಜಾಗದಲ್ಲಿ ಮೆತ್ತನೆಯ ಸ್ಪಂಜು ಮಾತ್ರ ಇರುವುದುಂಟು. ಒಳಗಿನ ಬಟ್ಟೆ ಸರಿಸಿ ಬೆರಳಿನಿಂದ ಒತ್ತಿ ನೋಡಿ. ಸಾವಿರದ ಚಿಲ್ಲರೆಯದ್ದು ಸಾಕು. ಅದಕ್ಕಿಂತ ಮೇಲೆ ಬಣ್ಣಕ್ಕೂ ಚಿತ್ರಕ್ಕೂ ಕೊಡುವ ದುಡ್ಡು ತಲೆಯನ್ನು ಇನ್ನಷ್ಟು ಕಾಯುವುದಿಲ್ಲ. ಮಗನನ್ನು ಕರೆದುಕೊಂಡೇ ಹೋಗಿ. ಹಾಕಿ ತಲೆ ಆಡಿಸಿದಾಗ ಹೆಲ್ಮೆಟ್ ಅಲ್ಲಾಡಬಾರದು.

ಪ್ರಶ್ನೆ: ಗ್ಯಾಸ್ ಟ್ಯೂಬ್ ನೋಡಲು ಚೆನ್ನಾಗಿಯೇ ಇದೆ. ಬದಲಿಸಬೇಕಾ?
– ಓದುಗರು, ಉಪ್ಪಳ

ಉತ್ತರ: ಟ್ಯೂಬಿನ ಮೇಲೆ ವರ್ಷ ಅಚ್ಚಾಗಿರುತ್ತದೆ. 5 ವರ್ಷ ದಾಟಿದ್ದರೆ ಚೆನ್ನಾಗಿ ಕಂಡರೂ ಬದಲಿಸಿ. ಒಳಗೆ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನೇ ಗ್ಯಾಸ್ ಏಜೆನ್ಸಿಯಿಂದ ತನ್ನಿ, ಇಲಿ ಕಚ್ಚಿದರೂ ಸುಲಭಕ್ಕೆ ತೂತಾಗುವುದಿಲ್ಲ. ಬಟ್ಟೆ ಸುತ್ತಬೇಡಿ, ಬಿರುಕು ಕಾಣುವುದಿಲ್ಲ. ಹಾಕಿದ ಮೇಲೆ ಎರಡೂ ತುದಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಇವತ್ತೇ ಬಿಡಿಸಿ.