ಟಾಪು ತಗ್ಗಾಗಿದ್ದರೆ ಬರೀ ಸಿಲಿಕಾನ್ ಬಳಿದು ಪ್ರಯೋಜನ ಇಲ್ಲ

ಟೆಂಪೋ ಟ್ರಾವೆಲರ್‌ನ ಕ್ಯಾಂಪರ್ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಮಾಡಿಸಿದ್ದೀರಿ, ಎಸಿ ಕೂರಿಸಿದ ಕಡೆ ಟಾಪು, ಅಂದರೆ ಗಾಡಿಯ ಛಾವಣಿ, ತಗ್ಗಾಗಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತಿದೆ, ಮೇಲಿಂದ ಸಿಲಿಕಾನ್ ಹೊಡೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೂವತ್ತು ಕೆಜಿ ಮೀರುವ ಎಸಿ ಬರೀ ತಗಡು, ಪ್ಲೈವುಡ್ ಮೇಲೆ ಕೂತರೆ ಟಾಪು ಬಗ್ಗುತ್ತೆ, ತಗ್ಗಲ್ಲಿ ನೀರು ನಿಲ್ಲುತ್ತೆ, ನಿಂತ ನೀರು ಸ್ಕ್ರೂ ತೂತಲ್ಲಿ ಇಳಿಯುತ್ತೆ. ಮೊದಲು ತಗ್ಗು ಎತ್ತಬೇಕು, ಸೀಲ್ ಆಮೇಲೆ.

ಎಸಿ ಇಳಿಸಿ, ಒಳಗಿನ ಸೀಲಿಂಗ್ ಬಿಚ್ಚಿ, ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ. ನೆನೆದ ಬಿಸ್ಕತ್ತಿನ ಹಾಗೆ ಉದುರುವ ಪ್ಲೈವುಡ್ಡನ್ನೆಲ್ಲ ಕತ್ತರಿಸಿ ತೆಗೆಯಿರಿ. ಒಳಗಿಂದ ಟಾಪಿಗೆ ಹಲಗೆ ಕೊಟ್ಟು ಜಾಕಿಯಲ್ಲಿ ನಿಧಾನಕ್ಕೆ ಎತ್ತಿ. ನಡುಭಾಗ ಅಂಚಿಗಿಂತ ಒಂದು ಸೆಂಟಿಮೀಟರಾದರೂ ಉಬ್ಬಿರಲಿ. ಎಸಿ ತೂತಿನ ಹಿಂದೆ, ಮುಂದೆ 25 ಮಿ.ಮೀ. ಚೌಕ ಪೈಪು ಅಡ್ಡ ಕೊಟ್ಟು ಎರಡೂ ಪಕ್ಕದ ಫ್ರೇಮಿಗೆ ಸೇರಿಸಿ. ಮೈಸೂರಿನ ಬನ್ನಿಮಂಟಪದ ಕಡೆಯ ಗ್ಯಾರೇಜಿನವರಿಗೆ ಇದೇನು ಹೊಸ ಕೆಲಸ ಅಲ್ಲ, ಆದರೆ ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿಸಿ, ಶಾಖ ತಡೆಯಲು ಹಾಕಿದ ಫೋಮ್ ತೆಗೆಸಿ. ಬೆಂಕಿ ಹತ್ತೋದೇ ಅಲ್ಲಿ. ಹೊಸದಾಗಿ ಹಾಕೋದು ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈ, ಕತ್ತರಿಸಿದ ಅಂಚು ನೀರು ಹೀರದ ಹಾಗೆ ಎಪಾಕ್ಸಿ ಅಂಟು.

ಹಳೇ ಸಿಲಿಕಾನ್ ಚೂರೂ ಉಳಿಯಬಾರದು, ಅದರ ಮೇಲೆ ಬೇರೆ ಸೀಲಂಟ್ ಹಿಡಿಯಲ್ಲ. ಹ್ಯಾಚ್ (ಟಾಪಿನ ಕಿಟಕಿ), ಸೋಲಾರ್ ಕ್ಲಾಂಪ್ ಕೆಳಗೆ ಮೆತ್ತನೆ ರಬ್ಬರಿನಂಥ ಬ್ಯೂಟೈಲ್ ಟೇಪ್, ಸ್ಕ್ರೂ ಬಿಗಿದ ಮೇಲೆ ಅಂಚಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ಎಸಿಗೆ ಮಾತ್ರ ಅಡಿಯಲ್ಲಿ ಕೂರುವ ಮೆತ್ತನೆ ಸೀಲ್, ಅಂದರೆ ಹೊಸ ಗ್ಯಾಸ್ಕೆಟ್ಟೇ ಆಗಬೇಕು. ಸುತ್ತ ಸೀಲಂಟ್ ಮೆತ್ತಿದರೆ ಅದರ ನೀರು ಹೊರಹೋಗುವ ದಾರಿಯೇ ಕಟ್ಟುತ್ತೆ. ಪಿಯು ದಿನಕ್ಕೆ ಸುಮಾರು 3 ಮಿ.ಮೀ. ಅಷ್ಟೇ ಗಟ್ಟಿಯಾಗೋದು, ಆತುರ ಬೇಡ. ಸೀಲಿಂಗ್ ಮುಚ್ಚೋ ಮುಂಚೆ ಪೈಪಲ್ಲಿ ನೀರು ಬಿಡಿ, ಟಾಪಿನ ಕೆಳಗಿನ ಅಂಚಿಂದ ಮೇಲಕ್ಕೆ, ಒಳಗೊಬ್ಬರು ಟಾರ್ಚ್ ಹಿಡಿದು ನೋಡ್ತಿರಲಿ.